ಶಾಲೆ ಬಿಟ್ಟ ಮೇಲೆ, ಅವ್ವ ಬರುವ ಮೊದಲು

(ಹುಬ್ಬಳ್ಳಿಯಲ್ಲಿ ಪಾಲಕರು, ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರ ಮುಂದೆ ಬಾಲಾಪರಾಧ ಮತ್ತು ಮನೆಯ ವಾತಾವರಣ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಮಗನನ್ನು ಠಾಣೆಗೆ ಕರೆದೊಯ್ದ ದಿನ ಹೆತ್ತವರ ಬಾಯಿಂದ ಮೊದಲು ಬರುವ ಮಾತು ಬಹುತೇಕ ಒಂದೇ ಇರುತ್ತದೆ: "ನಮ್ಮ ಮನಿತನದಾಗ ಯಾರೂ ಹಿಂಗ ಇಲ್ಲರೀ. ಇವಗ ಇದು ಎಲ್ಲಿಂದ ಬಂತು?" ಆ ಪ್ರಶ್ನೆಯಲ್ಲಿ ನಾಚಿಕೆಯಿದೆ, ಸಿಟ್ಟಿದೆ, ನಿಜವಾಗಿಯೂ ಏನೂ ತಿಳಿಯದ ದಿಗಿಲಿದೆ. ಇಂದಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಮೀಸಲು.

ರಕ್ತದಿಂದ ಬಂತು ಎಂಬ ಉತ್ತರವನ್ನು ಮೊದಲೇ ಬದಿಗಿಡೋಣ. ಅದರ ಪರೀಕ್ಷೆ ನಮ್ಮ ಊರಲ್ಲೇ ನಡೆದುಹೋಗಿದೆ. 1871ರಲ್ಲಿ ಬಂದು 1911ರಲ್ಲಿ ದೇಶದ ತುಂಬ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತ್ತು. ಮುಂಬೈ ಪ್ರಾಂತ್ಯದ ಸರ್ಕಾರ ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಅಂಥ ಕುಟುಂಬಗಳನ್ನು ಒಂದೆಡೆ ಕೂಡಿಹಾಕಿ, ಹಾಜರಿ ಹಿಡಿದು, ತಿರುಗಾಟಕ್ಕೆ ತಡೆ ಹಾಕಿತು. ಇಂದಿಗೂ ಆ ಓಣಿಗಳ ಹೆಸರು ಸೆಟ್ಲಮೆಂಟ್. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದೇ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಈಗ ಶಿಕ್ಷಕರಾಗಿದ್ದಾರೆ, ನೌಕರರಾಗಿದ್ದಾರೆ, ಅಂಗಡಿ ನಡೆಸುತ್ತಿದ್ದಾರೆ. ರಕ್ತ ಅದೇ, ಬದಲಾದದ್ದು ಬೇಲಿ. ಒಂದು ಓಣಿಯ ಹೆಸರು ಹೇಳಿ "ಆ ಕಡೆ ಹುಡುಗರೇ ಹಂಗ" ಎನ್ನುವ ಮಾತು ಇನ್ನೂ ನಮ್ಮ ನಡುವೆ ಇದೆ. ಅದನ್ನು ಈ ಸಭೆಯಲ್ಲಾದರೂ ಬಿಟ್ಟುಬಿಡೋಣ.

ಎರಡನೇ ಉತ್ತರ ಬಡತನ. ಬಡವರ ಮನೆಯ ನೂರು ಹುಡುಗರಲ್ಲಿ ಬಹುಪಾಲು ಹುಡುಗರು ಯಾವ ಠಾಣೆಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಬಡತನ ನೇರವಾಗಿ ಕಳ್ಳನನ್ನು ಮಾಡುವುದಿಲ್ಲ. ಅದು ಹೆತ್ತವರ ಸಮಯ, ತಾಳ್ಮೆ, ನಿದ್ದೆ ಮೂರನ್ನೂ ಕಿತ್ತುಕೊಳ್ಳುತ್ತದೆ. ಕೆಡುಕು ಒಳಗೆ ಬರುವುದು ಆ ಸಂದಿನಿಂದ.

ಬಾಲಾಪರಾಧಿ ಎಂದ ಕೂಡಲೇ ರೈಲು ನಿಲ್ದಾಣದಲ್ಲಿ ಮಲಗುವ ಅನಾಥ ಹುಡುಗನ ಚಿತ್ರ ಕಣ್ಣ ಮುಂದೆ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ಕೋಷ್ಟಕಗಳು ಬೇರೆಯದನ್ನೇ ಹೇಳುತ್ತವೆ. ದೇಶದಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಪ್ರಕರಣಗಳು ಮಕ್ಕಳ ಮೇಲೆ ದಾಖಲಾಗುತ್ತವೆ. ಸಿಕ್ಕಿಬಿದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ತಂದೆತಾಯಿಯ ಜೊತೆಗೇ ಇದ್ದವರು. ಮುಕ್ಕಾಲು ಪಾಲು ಹುಡುಗರ ವಯಸ್ಸು 16ರಿಂದ 18. ರಾತ್ರಿ ಮನೆಗೇ ಬಂದು, ರೊಟ್ಟಿ ತಿಂದು, ಅವ್ವ ಹಾಸಿದ ಹಾಸಿಗೆಯಲ್ಲೇ ಮಲಗುತ್ತಿದ್ದ ಹುಡುಗರು ಇವರು. ಹಾಗೆಂದ ಮಾತ್ರಕ್ಕೆ ಮನೆಯವರೇ ತಪ್ಪಿತಸ್ಥರು ಎಂದು ತೀರ್ಪು ಕೊಡಲಾಗದು. ಹುಡುಗ ದಾರಿ ತಪ್ಪುತ್ತಿದ್ದ ತಿಂಗಳುಗಳಲ್ಲಿ ಮನೆ ಅವನಿಗೆ ಹತ್ತಿರದಲ್ಲೇ ಇತ್ತು, ಆದರೂ ಮನೆಗೆ ಸುದ್ದಿ ಮುಟ್ಟಲಿಲ್ಲ ಎಂಬುದಷ್ಟೇ ಇದರಿಂದ ತಿಳಿಯುವುದು. ಯಾಕೆ ಮುಟ್ಟಲಿಲ್ಲ?

ಕಣ್ಣು, ಕೈ, ಕರುಳು

ಅಮೆರಿಕದ ಬೋಸ್ಟನ್ ನಗರದಲ್ಲಿ ಶೆಲ್ಡನ್ ಮತ್ತು ಎಲೀನರ್ ಗ್ಲೂಕ್ ಎಂಬ ದಂಪತಿ 500 ತಪ್ಪಿತಸ್ಥ ಹುಡುಗರನ್ನೂ ಅಂಥ ದಾಖಲೆಯಿಲ್ಲದ 500 ಹುಡುಗರನ್ನೂ ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿ 1950ರಲ್ಲಿ ವರದಿ ಪ್ರಕಟಿಸಿದರು. ವಯಸ್ಸು, ಬುದ್ಧಿಮತ್ತೆ, ಜನಾಂಗ, ಓಣಿಯ ಬಡತನ ಎಲ್ಲವೂ ಎರಡೂ ಕಡೆ ಸಮನಾಗಿರುವಂತೆ ನೋಡಿಕೊಂಡಿದ್ದರು. ಇಷ್ಟೆಲ್ಲ ಸಮ ಮಾಡಿದ ಮೇಲೂ ಉಳಿದ ವ್ಯತ್ಯಾಸ ಮನೆಯೊಳಗಿತ್ತು. ಮಗ ಎಲ್ಲಿದ್ದಾನೆಂದು ನೋಡಿಕೊಳ್ಳುವವರು ಇದ್ದರೋ ಇಲ್ಲವೋ, ಶಿಕ್ಷೆ ಹದವಾಗಿತ್ತೋ ಅಥವಾ ಒಮ್ಮೆ ಕಠೋರ ಒಮ್ಮೆ ಸಡಿಲವಾಗಿತ್ತೋ, ಮಗ ಮತ್ತು ಹೆತ್ತವರ ನಡುವೆ ಅಕ್ಕರೆ ಇತ್ತೋ ಇಲ್ಲವೋ, ಅಷ್ಟೇ. ನಮ್ಮ ಮಾತಿನಲ್ಲಿ ಕಣ್ಣು, ಕೈ, ಕರುಳು ಎನ್ನೋಣ.

ಕರುಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ಕಡೆ ಅದಕ್ಕೆ ಬರವಿಲ್ಲ. ಆದರೆ ಒಂದು ತಪ್ಪು ತಿಳಿವಳಿಕೆ ಮಾತ್ರ ಹೋಗಬೇಕು. "ಅಪ್ಪ ಇಲ್ಲದ ಹುಡುಗ, ಇನ್ನೇನಾದಾನು" ಎಂದು ಓಣಿಯ ಕಟ್ಟೆಯಲ್ಲಿ ಕೂತವರು ಸಲೀಸಾಗಿ ಅನ್ನುತ್ತಾರೆ. ದಕ್ಷಿಣ ಲಂಡನ್ನಿನ 411 ಹುಡುಗರನ್ನು ಎಂಟನೇ ವಯಸ್ಸಿನಿಂದ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರಲ್ಲಿ ಒಡೆದ ಮನೆಯ ಹುಡುಗರಷ್ಟೇ, ಒಡೆಯದಿದ್ದರೂ ದಿನವೂ ಜಗಳವಾಡುವ ಮನೆಯ ಹುಡುಗರೂ ತಪ್ಪು ದಾರಿ ಹಿಡಿದಿದ್ದರು. ಮನೆ ಒಡೆದ ಮೇಲೆ ತಾಯಿಯೊಬ್ಬಳ ಜೊತೆ ಬೆಳೆದ ಹುಡುಗರು ಮಾತ್ರ ಜಗಳವಿಲ್ಲದ ಸಂಸಾರದ ಹುಡುಗರಿಗೆ ಹತ್ತಿರವಿದ್ದರು. ಹುಡುಗನನ್ನು ಹೊರಗೆ ದೂಡುವುದು ಮನೆಯೊಳಗಿನ ಹೊಡೆದಾಟ. ಕುಡಿದು ಬರುವ ಅಪ್ಪ, ನಡುವೆ ಬಿದ್ದು ಬಿಡಿಸುವ 13ರ ಮಗ, ಇದು ದಿನದ ಮಾತಾಗಿರುವ ಮನೆಯಲ್ಲಿ ಹುಡುಗನಿಗೆ ಕಟ್ಟೆಯ ಮೇಲೆ ಮಲಗುವುದೇ ನೆಮ್ಮದಿ. ಅಂಥ ಮನೆಗೆ ಮಗನಿಗೆ ಬುದ್ಧಿ ಹೇಳುವವರಿಗಿಂತ ಅಪ್ಪನ ಕುಡಿತಕ್ಕೆ ಚಿಕಿತ್ಸೆ ಕೊಡಿಸುವವರು ಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಅದಕ್ಕೆ ವೈದ್ಯರಿದ್ದಾರೆ. ಮೊದಲು ಫೋನಿನಲ್ಲೇ ಕೇಳಿ ನೋಡಬೇಕೆನ್ನುವವರಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ.

ಇನ್ನು ಕಣ್ಣು. ಇದು ಇಂದಿನ ಮಾತಿನ ತಿರುಳು.

ಹುಬ್ಬಳ್ಳಿಯ ಯಾವುದೇ ದುಡಿಯುವ ಓಣಿಯ ಒಂದು ದಿನವನ್ನು ಗಡಿಯಾರ ಹಿಡಿದು ನೋಡಿ. ಅಪ್ಪ ಎಪಿಎಂಸಿಗೆ ಹಮಾಲಿಗೋ ಆಟೋ ಓಡಿಸಲಿಕ್ಕೋ ಬೆಳಿಗ್ಗೆಯೇ ಹೋಗಿರುತ್ತಾನೆ. ಅವ್ವ ನಾಲ್ಕು ಮನೆಯ ಮುಸುರೆ ತಿಕ್ಕಿ ಬರುವಾಗ ಸಂಜೆ ಏಳು. ಶಾಲೆ ಬಿಡುವುದು ನಾಲ್ಕೂವರೆಗೆ. ದಿನಕ್ಕೆ ಎರಡೂವರೆ ತಾಸು. ಶನಿವಾರ ಬೆಳಗಿನ ಸಾಲಿ ಇರುವುದರಿಂದ ಅಂದು ಮಧ್ಯಾಹ್ನವಿಡೀ ಖಾಲಿ. ವಾರಕ್ಕೆ ಕೂಡಿಸಿದರೆ ಹುಡುಗ ಯಾರ ಕಣ್ಣಿಗೂ ಬೀಳದೆ ಕಳೆಯುವ ಹೊತ್ತು ಸುಮಾರು 20 ತಾಸು. ದಸರಾ ಸೂಟಿ, ಬೇಸಿಗೆ ಸೂಟಿಗಳ ಲೆಕ್ಕ ಬೇರೆ. ಮೊದಲ ಸಿಗರೇಟು, ಮೊದಲ ಓಸಿ ಚೀಟಿ, ಮೊದಲ ಬೈಕ್ ಸವಾರಿ, ಮೊದಲ ಸಣ್ಣ ಕಳವು ಸಾಮಾನ್ಯವಾಗಿ ಈ ಹೊತ್ತಿನಲ್ಲೇ ಆಗುತ್ತವೆ, ಹೆಚ್ಚಾಗಿ ಗುಂಪಿನಲ್ಲೇ ಆಗುತ್ತವೆ. ಒಬ್ಬನೇ ಇದ್ದಾಗ ಹಿಂಜರಿಯುವ ಹುಡುಗ ಮೂವರು ನೋಡುತ್ತಿದ್ದರೆ ಹಿಂಜರಿಯುವುದಿಲ್ಲ. ಆ ವಯಸ್ಸಿನ ಸ್ವಭಾವವೇ ಅದು.

ಹಾಗಾದರೆ ಅವ್ವ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕೆ? ಸಿಸಿ ಕ್ಯಾಮೆರಾ ಹಾಕಬೇಕೆ? ಮೊಬೈಲಿನಲ್ಲಿ ಮಗನ ಜಾಡು ಹಿಡಿಯಬೇಕೆ? 2000ನೇ ಇಸವಿಯಲ್ಲಿ ಸ್ವೀಡನ್ನಿನ ಸ್ಟಾಟಿನ್ ಮತ್ತು ಕೆರ್ ಎಂಬ ಸಂಶೋಧಕರು ಇದೇ ಪ್ರಶ್ನೆಯನ್ನು ಬಿಡಿಸಿ ನೋಡಿದರು. 14 ವರ್ಷದ ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದು ಹೆತ್ತವರಿಗೆ ಗೊತ್ತಾಗುವುದು ಹೇಗೆ? ಕಟ್ಟಳೆ ಹಾಕಿದ್ದರಿಂದಲೇ, ಕೇಳಿ ಕೇಳಿ ತಿಳಿದುಕೊಂಡದ್ದರಿಂದಲೇ, ಇಲ್ಲ ಮಗು ತಾನಾಗಿ ಹೇಳಿದ್ದರಿಂದಲೇ? ಹೆತ್ತವರಿಗೆ ಗೊತ್ತಿದ್ದ ಬಹುಪಾಲು ಸಂಗತಿ ಮಕ್ಕಳೇ ತಾವಾಗಿ ಹೇಳಿದ್ದಾಗಿತ್ತು. ತಪ್ಪು ದಾರಿಯಿಂದ ದೂರ ಉಳಿದದ್ದೂ ಹಾಗೆ ಹೇಳುತ್ತಿದ್ದ ಮಕ್ಕಳೇ. ನಾವು ಕಣ್ಣು ಎಂದುಕೊಂಡದ್ದು ನಿಜವಾಗಿ ಕಿವಿ. ಏಳು ಗಂಟೆಗೆ ಮನೆಗೆ ಬರುವ ಅವ್ವನಿಗೂ ಕಿವಿ ಇರುತ್ತದೆ. ದುಡಿಯುವ ತಾಯಂದಿರಿಗೆ ಇದಕ್ಕಿಂತ ಸಮಾಧಾನದ ಮಾತು ಈ ಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಹುಡುಗ ಯಾವಾಗ ಹೇಳುತ್ತಾನೆ? ದೊಡ್ಡ ಸುದ್ದಿಯನ್ನು ಯಾವ ಹುಡುಗನೂ ಮೊದಲು ಹೇಳುವುದಿಲ್ಲ. ಸಣ್ಣದೊಂದನ್ನು ಎಸೆದು ನೋಡುತ್ತಾನೆ. "ಇವತ್ತ ಸರ್ ನನ್ನ ಹೊರಗ ನಿಲ್ಲಿಸಿದ್ರು." "ನನ್ನ ದೋಸ್ತ ಒಬ್ಬಾಂವ ಗುಟ್ಕಾ ತಿಂತಾನ." ಇದು ಪರೀಕ್ಷೆ. "ನೀ ಏನ್ ಮಾಡಿದ್ದೀ? ಸುಮ್ನ ನಿಲ್ಲಸ್ತಾರೇನು?" ಎಂದು ಕೆನ್ನೆಗೆ ಬಿತ್ತೆಂದರೆ ಆ ಬಾಗಿಲು ಮುಚ್ಚಿತು. "ಅಂಥವನ ಜೋಡಿ ಇನ್ನೊಮ್ಮೆ ಕಂಡ್ರ ಕಾಲ ಮುರೀತೀನಿ" ಎಂದರೂ ಮುಚ್ಚಿತು. ಮುಂದಿನ ಸಲ ಆ ದೋಸ್ತನ ಹೆಸರೇ ಮನೆಯಲ್ಲಿ ಕೇಳಿಸುವುದಿಲ್ಲ, ದೋಸ್ತಿ ಮಾತ್ರ ಇರುತ್ತದೆ. "ಹೌದಾ? ಆಮ್ಯಾಲೆ ಏನಾತು?" ಎಂದು ಕೇಳಿ, ಕೈಯಲ್ಲಿ ಹಿಟ್ಟು ನಾದುತ್ತಲೇ ಇರಿ. ಹತ್ತು ನಿಮಿಷ ಬುದ್ಧಿ ಹೇಳಬೇಡಿ. ಹೇಳಲೇಬೇಕಾದದ್ದು ಇದ್ದರೆ ಮರುದಿನ ಹೇಳಿ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಕಟ್ಟುತ್ತದೆ. ರೊಟ್ಟಿ ಬಡಿಯುವಾಗ, ಬೈಕಿನ ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗುವಾಗ, ದೀಪ ಆರಿಸಿದ ಮೇಲೆ, ಹೀಗೆ ಮುಖ ಮುಖ ನೋಡದ ಹೊತ್ತಿನಲ್ಲಿ ಹುಡುಗರ ಬಾಯಿ ಬಿಚ್ಚುತ್ತದೆ.

ಆ ಎರಡೂವರೆ ತಾಸಿಗೂ ಒಂದಿಷ್ಟು ಏರ್ಪಾಡು ಬೇಕು. ಐದು ಗಂಟೆಗೆ ಒಂದು ಫೋನು, ಒಂದೇ ನಿಮಿಷದ್ದು, ದಿನವೂ ಅದೇ ಹೊತ್ತಿಗೆ. ಓಣಿಯಲ್ಲಿ ಒಬ್ಬರನ್ನು, ಅಕ್ಕಪಕ್ಕದ ಒಬ್ಬ ಕಾಕೂನನ್ನೋ ಅಂಗಡಿಯ ಅಜ್ಜನನ್ನೋ, ಹುಡುಗನ ಎದುರಿಗೇ ಕೇಳಿಕೊಳ್ಳಿ: "ಸಾಲಿ ಬಿಟ್ಟು ಬಂದ ಮ್ಯಾಲೆ ಇವ ನಿಮಗ ಮುಖಾ ತೋರಿಸಿ ಹೋಗ್ತಾನ್ರಿ." ಗುಟ್ಟಾಗಿ ಕಾವಲು ಹಾಕಿ ಅದು ಹುಡುಗನಿಗೆ ತಿಳಿದರೆ ಅವಮಾನ, ಎದುರಿಗೇ ಹೇಳಿದರೆ ಅದು ಬರೀ ವ್ಯವಸ್ಥೆ. ಆಟಕ್ಕೆ ಕಳಿಸುವುದಾದರೆ ದೊಡ್ಡವರೊಬ್ಬರು ನಿಂತಿರುವ ಜಾಗಕ್ಕೆ ಕಳಿಸಿ. ವಸ್ತಾದ ಇರುವ ಗರಡಿ ಮನೆ ಹುಡುಗನನ್ನು ಕಟ್ಟುತ್ತದೆ. ವಸ್ತಾದ ಇಲ್ಲದ ಗರಡಿಗೂ ಬಸ್‌ಸ್ಟ್ಯಾಂಡಿನ ಮೂಲೆಗೂ ವ್ಯತ್ಯಾಸವಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಆ ಹೊತ್ತಿಗೆ ಬಾಗಿಲು ತೆರೆದಿದೆಯೇ ಎಂಬುದನ್ನು ಎಸ್‌ಡಿಎಂಸಿಯವರು ಹೋಗಿ ನೋಡಬೇಕು.

ಗದಗ ಜಿಲ್ಲೆಯ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವ ಮನೆಗಳ ಮಾತು ಪ್ರತ್ಯೇಕ. ಅಪ್ಪ ಅವ್ವ ಇಬ್ಬರೂ ಅಲ್ಲಿ, ಹುಡುಗ ಆಯಿಯ ಹತ್ತಿರ. ಆಯಿಗೆ ಅಕ್ಕರೆ ಇದೆ, ಅಡ್ಡ ನಿಲ್ಲುವ ಶಕ್ತಿಯಿಲ್ಲ. ಕಳಿಸಿದ ರೊಕ್ಕ ನೇರ ಹುಡುಗನ ಕೈಗೆ ಬರುತ್ತದೆ, ಯಾಕೆಂದರೆ ಫೋನ್‌ಪೇ ನೋಡಲು ಬರುವುದು ಅವನೊಬ್ಬನಿಗೇ. ಇಲ್ಲಿ ಮೂರು ಕೆಲಸ ಆಗಬೇಕು. ಕಾಕಾನೋ ಸೋದರಮಾವನೋ, ಊರಲ್ಲಿರುವ ಒಬ್ಬರಿಗೆ ಹೆಸರು ಹಿಡಿದು ಜವಾಬ್ದಾರಿ ಕೊಟ್ಟು, ಅವರ ನಂಬರನ್ನು ಶಾಲೆಯಲ್ಲಿ ಬರೆಸಿ ಹೋಗಬೇಕು. ರೊಕ್ಕ ಆ ಹಿರಿಯರ ಮೂಲಕ ಬರಬೇಕು. ದೂರದಿಂದ ಮಾಡುವ ಫೋನಿನಲ್ಲಿ "ಊಟ ಆತಾ, ಚಲೋ ಅದಿಯಾ" ಎಂಬಲ್ಲಿಗೆ ನಿಲ್ಲಿಸದೆ "ಇವತ್ತ ಯಾರ ಜೋಡಿ ಮನೀಗೆ ಬಂದಿ?" ಎಂಬಂಥ ಒಂದು ನಿರ್ದಿಷ್ಟ ಪ್ರಶ್ನೆ ಇರಬೇಕು.

ಕೈ, ಅಂದರೆ ಶಿಕ್ಷೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಹೊಡೆಯುವುದಕ್ಕೆ ಪರವಾನಗಿ ಎಂದುಕೊಂಡವರಿದ್ದಾರೆ. ಗಿಡವನ್ನು ಬಗ್ಗಿಸುವವನು ದಿನಾ ಒಂದಿಷ್ಟು ಬಗ್ಗಿಸಿ ದಾರ ಕಟ್ಟುತ್ತಾನೆ, ತಿಂಗಳಿಗೊಮ್ಮೆ ಬಂದು ಬಡಿಗೆಯಿಂದ ಬಡಿಯುವುದಿಲ್ಲ. ಹೊಡೆತದಲ್ಲಿ ನಾಲ್ಕು ಕಡೆ ಕೆಲಸ ಕೆಡುತ್ತದೆ. ಅದು ಹುಡುಗನ ತಪ್ಪನ್ನು ನೋಡಿ ಬೀಳದೆ ಅಪ್ಪನ ಸಿಟ್ಟನ್ನು ನೋಡಿ ಬೀಳುತ್ತದೆ, ಹಾಗಾಗಿ ಹುಡುಗ ತಪ್ಪನ್ನು ಅಳೆಯುವುದು ಬಿಟ್ಟು ಅಪ್ಪನ ಮುಖವನ್ನು ಅಳೆಯಲು ಕಲಿಯುತ್ತಾನೆ. ಸಿಕ್ಕಿಬೀಳದಿರುವುದನ್ನು ಕಲಿಸುತ್ತದೆ. ನಿನ್ನೆಯ ಏಟು ಇಂದು ನಾಟುವುದಿಲ್ಲವಾದ್ದರಿಂದ ಏರುತ್ತ ಹೋಗುತ್ತದೆ. ಕೊನೆಗೆ 15ರ ಹುಡುಗ ಅಪ್ಪನಷ್ಟೇ ಎತ್ತರ ಬೆಳೆದು ಒಂದು ದಿನ ಆ ಕೈ ಹಿಡಿಯುತ್ತಾನೆ. ಅವತ್ತಿನಿಂದ ಮನೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೊಡೆಯದ ಮನೆಯಲ್ಲೂ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಅವ್ವ "ಮೊಬೈಲ್ ಇಡು" ಎನ್ನುತ್ತಾಳೆ. ಹುಡುಗ ಇಡುವುದಿಲ್ಲ. ಅವ್ವ ಚೀರುತ್ತಾಳೆ, ಹುಡುಗ ಇನ್ನೂ ಜೋರಾಗಿ ಚೀರಿ ತಟ್ಟೆ ಎಸೆಯುತ್ತಾನೆ. "ಹೋಗ್ಲಿ, ಏನರೇ ಮಾಡ್ಕೊ" ಎಂದು ಅವ್ವ ಸೋಲುತ್ತಾಳೆ, ಗದ್ದಲ ನಿಲ್ಲುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಮನೆಗೆ ಹೋಗಿ ಇದನ್ನೇ ನಿಮಿಷ ನಿಮಿಷಕ್ಕೂ ಬರೆದುಕೊಂಡರು. ಜೋರು ಮಾಡಿದರೆ ಎದುರಿನವರು ಬಿಟ್ಟುಕೊಡುತ್ತಾರೆ ಎಂಬ ಪಾಠವನ್ನು ಹುಡುಗ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕಲಿತು, ಅದನ್ನೇ ಶಾಲೆಗೆ, ಮೈದಾನಕ್ಕೆ ಒಯ್ಯುತ್ತಾನೆ. ಕ್ರಿಕೆಟ್ ಬ್ಯಾಟಿನ ಜಗಳ ಚಾಕುವಿನವರೆಗೆ ಹೋಗುವ ದಾರಿಯಲ್ಲಿ ಈ ಪಾಠ ಒಂದು ಮೆಟ್ಟಿಲು.

ಇದಕ್ಕೆ ಮದ್ದು ಬೇಸರ ಬರುವಷ್ಟು ಸರಳ. ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಕಟ್ಟಳೆ ಬೇಡ. ಉದಾಹರಣೆಗೆ, ರಾತ್ರಿ ಒಂಬತ್ತೂವರೆಗೆ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಗೋಡೆಯ ಮಾಡಿನಲ್ಲಿ. ಕತ್ತಲಾಗುವ ಮೊದಲು ಮನೆಯಲ್ಲಿ. ಮುರಿದರೆ ಏನು ಎಂಬುದನ್ನು ಮೊದಲೇ ಹೇಳಿರಬೇಕು. ಅದು ಸಣ್ಣದಿರಬೇಕು, ತಡಮಾಡದೆ ಆಗಬೇಕು, ನಿಮ್ಮಿಂದ ಮಾಡಲಿಕ್ಕೆ ಆಗುವಂಥದ್ದಿರಬೇಕು: ಮರುದಿನ ಮೊಬೈಲ್ ಇಲ್ಲ, ಎರಡು ದಿನ ಆಟಕ್ಕಿಲ್ಲ. "ಒಂದ್ ತಿಂಗಳ ಮುಟ್ಟಂಗಿಲ್ಲ" ಎಂದು ಸಿಟ್ಟಿನಲ್ಲಿ ಹೇಳಿ ಮೂರನೇ ದಿನಕ್ಕೆ ಕೊಟ್ಟರೆ ಶಿಕ್ಷೆಯನ್ನೇ ಕೊಡದಿದ್ದರೂ ಚಲೋ ಇತ್ತು. ಅಪ್ಪ ಒಂದು, ಅವ್ವ ಒಂದು ಹೇಳಿದರೆ ಹುಡುಗ ಇಬ್ಬರ ನಡುವಿನ ಸಂದಿನಲ್ಲಿ ನುಸುಳುತ್ತಾನೆ, ಆಯಿಯ ಸೆರಗು ಮೂರನೇ ಸಂದು. ಊಟ ತಪ್ಪಿಸುವುದು ಶಿಕ್ಷೆಯಲ್ಲ. ರಾತ್ರಿ ಬಾಗಿಲು ಹಾಕಿ ಹೊರಗೆ ನಿಲ್ಲಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ನಿಂತ ಹುಡುಗನಿಗೆ ಜಾಗ ಕೊಡುವ ಗೆಳೆಯ ಯಾವನೋ, ರೂಮು ಯಾವುದೋ. ಆ ಒಂದು ರಾತ್ರಿಯ ಋಣವನ್ನು ಹುಡುಗ ಹಲವು ತಿಂಗಳು ತೀರಿಸುತ್ತಾನೆ.

ಯಾರದೋ ಮೊಬೈಲ್ ಮಗನ ಚೀಲದಲ್ಲಿ ಸಿಕ್ಕಾಗ

ಬಹಳ ಮನೆಗಳು ಎಡವುವುದು ಇಲ್ಲಿ. ನೀವು ಕೊಡಿಸದ ಬೂಟು, ಮೊಬೈಲು, ಐನೂರರ ನೋಟು ಕಾಣಿಸಿತು. ಕೆಲವರು ಓಣಿ ಕೂಡುವಂತೆ ಬಡಿಯುತ್ತಾರೆ. ಕೆಲವರು "ದೋಸ್ತ ಕೊಟ್ಟಾನ" ಎಂಬುದನ್ನು ನಂಬಿದಂತೆ ನಟಿಸಿ ಸುಮ್ಮನಾಗುತ್ತಾರೆ. ಮೊದಲನೆಯದರಿಂದ ಹುಡುಗನಿಗೆ ಕಳ್ಳನೆಂಬ ಹೆಸರು ಅಂಟುತ್ತದೆ, ಅಂಟಿದ ಹೆಸರಿಗೆ ತಕ್ಕಂತೆ ನಡೆಯುವುದು ಅವನಿಗೆ ಸುಲಭವಾಗುತ್ತದೆ. ಎರಡನೆಯದರಿಂದ ಕದ್ದದ್ದು ದಕ್ಕಿತು ಎಂದಾಗುತ್ತದೆ. ಅಷ್ಟೇ ಅಲ್ಲ, ಕದ್ದ ಮೊಬೈಲಿಗೆ ಸಿಮ್ ಹಾಕಿದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರಿನ ಮೂಲಕ ಜಾಡು ಸಿಗುತ್ತದೆ. ಗೊತ್ತಿದ್ದೂ ಇಟ್ಟುಕೊಂಡ ಮನೆಯವರ ಮೇಲೆಯೇ ಕದ್ದ ಮಾಲು ಇಟ್ಟುಕೊಂಡ ಕೇಸು ಬೀಳಬಹುದು.

ಅಂದು ರಾತ್ರಿ ತಂಗಿ ತಮ್ಮಂದಿರು ಮಲಗಿದ ಮೇಲೆ ಒಬ್ಬರೇ ಕೇಳಿ. ಯಾಕೆ ಎಂದು ಕೇಳಬೇಡಿ, ಆ ಪ್ರಶ್ನೆಗೆ ಹುಡುಗರು ಸುಳ್ಳನ್ನೇ ಹೊಸೆಯುತ್ತಾರೆ. ಯಾರದು, ಎಲ್ಲಿ, ಯಾವಾಗ, ಜೊತೆಗೆ ಯಾರಿದ್ದರು, ಇಷ್ಟು ಸಾಕು. ಮರುದಿನವೇ ಹಿರಿಯರೊಬ್ಬರು ಹುಡುಗನ ಜೊತೆಗೆ ಹೋಗಿ ವಸ್ತುವನ್ನು ಹಿಂದಿರುಗಿಸಬೇಕು, ಮಾತು ಹುಡುಗನೇ ಆಡಬೇಕು. ಖರ್ಚಾಗಿಹೋಗಿದ್ದರೆ ವಾರಕ್ಕೆ ಇಷ್ಟು ಎಂದು ಅವನ ಕೈಖರ್ಚಿನಿಂದಲೇ ತೀರಬೇಕು. ಅಪ್ಪ ಪೂರ್ತಿ ಕೊಟ್ಟು ಕೈತೊಳೆದುಕೊಂಡರೆ ಹುಡುಗ ಏನನ್ನೂ ತೀರಿಸಿದಂತಾಗಲಿಲ್ಲ. ತೀರಿದ ದಿನ ಮಾತೂ ಮುಗಿಯಿತು. ಎರಡು ವರ್ಷದ ಮೇಲೆ ಅಕ್ಕನ ಲಗ್ನದಲ್ಲಿ ಬೀಗರ ಎದುರು ಅದನ್ನು ಎತ್ತುವವರಿದ್ದಾರೆ, ದಯವಿಟ್ಟು ಬೇಡ.

ಮನೆಯ ಹೊರಗಿನ ಸಂಗತಿಗಳು

ಎಲ್ಲವನ್ನೂ ಮನೆಯ ತಲೆಗೆ ಕಟ್ಟಲಾಗದು. ಆರನೇ ಇಯತ್ತೆಗೆ ಬಂದರೂ ಓದಲು ಬಾರದ ಹುಡುಗ ತರಗತಿಯಲ್ಲಿ ದಿನಕ್ಕೆ ಆರು ತಾಸು ಅವಮಾನ ತಿನ್ನುತ್ತಾನೆ, ಗೈರುಹಾಜರಿ ಅಲ್ಲಿಂದ ಶುರುವಾಗುತ್ತದೆ. ಮೂರನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟವನ್ನು ಓದಿಸಿ ನೋಡಿ. ತಡವರಿಸಿದರೆ ಮೊದಲು ಕಣ್ಣು ಕಿವಿ ತೋರಿಸಿ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯಲ್ಲಿ 18ರವರೆಗಿನ ಮಕ್ಕಳಿಗೆ ಈ ತಪಾಸಣೆಗೆ ಅವಕಾಶವಿದೆ. ಅವು ಸರಿಯಿದ್ದರೆ ಕಲಿಕೆಯ ತೊಂದರೆ ಅಥವಾ ಚಿತ್ತಚಾಂಚಲ್ಯ ಇದೆಯೇ ಎಂದು ಡಿಮ್ಹಾನ್ಸ್‌ನಲ್ಲಿ ಕೇಳಿ. ಹತ್ತು ವರ್ಷದೊಳಗೇ ಪ್ರಾಣಿಗಳನ್ನು ಹಿಂಸಿಸುವ, ದಿನವೂ ಹೊಡೆದಾಡುವ, ಬೆಂಕಿ ಹಚ್ಚುವ ಮಗುವನ್ನು ದೊಡ್ಡವನಾದರೆ ಸರಿಯಾದಾನು ಎಂದು ಕಾಯಬೇಡಿ. 14ಕ್ಕೆ ಹಾದಿ ತಪ್ಪಿದವರಲ್ಲಿ ಬಹುಪಾಲು ಹುಡುಗರು 20 ದಾಟುವುದರೊಳಗೆ ತಾವಾಗಿ ನಿಲ್ಲಿಸುತ್ತಾರೆ. ಎಳವೆಯಲ್ಲೇ ಶುರುವಾದದ್ದು ಮಾತ್ರ ಹೆಚ್ಚು ಕಾಲ ಉಳಿಯುತ್ತದೆ.

ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಇನ್ನೊಂದು ಅಪಾಯದ ತುದಿಯಲ್ಲಿರುತ್ತಾನೆ. ಶಾಲೆಯ ಪಟ್ಟಿಯಲ್ಲಿಲ್ಲ, ಕೆಲಸದ ಪಟ್ಟಿಯಲ್ಲೂ ಇಲ್ಲ. ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ. ಫಲಿತಾಂಶ ಬಂದ ವಾರವೇ ಎರಡನೇ ಪರೀಕ್ಷೆಗೆ ಹೆಸರು ನೋಂದಾಯಿಸಿ. ಎಂಟನೇ ತರಗತಿ ಪಾಸಾದವರಿಗೂ ಐಟಿಐನಲ್ಲಿ ಕೆಲವು ವಿಭಾಗಗಳಿವೆ.

ನಶೆಯಲ್ಲಿ ಗಾಂಜಾ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸಣ್ಣ ಹುಡುಗರ ಕೈಗೆ ಮೊದಲು ಸಿಗುವುದು ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್. ತೋಳಿಗೆ, ಕರವಸ್ತ್ರಕ್ಕೆ ಬಣ್ಣದ ವಾಸನೆ, ಮೂಗು ಬಾಯಿಯ ಸುತ್ತ ಕೆಂಪು ಗುಳ್ಳೆ, ಊಟ ಸೇರದಿರುವುದು ಇದರ ಗುರುತು. ಎಳೆಯುತ್ತಿರುವಾಗ ಕಂಡರೆ ಬೆದರಿಸಬೇಡಿ, ಬೆನ್ನಟ್ಟಬೇಡಿ. ಆ ಹೊತ್ತಿನಲ್ಲಿ ಗಾಬರಿಯಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾಯುವ ಅಪಾಯವಿದೆ. ಮೆಲ್ಲಗೆ ಮಾತಾಡಿಸಿ, ಗಾಳಿಗೆ ಕರೆತಂದು ಕೂರಿಸಿ. ಮಕ್ಕಳಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಡುವವನಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಶಾಲೆಯ ಹತ್ತಿರದ ಅಂಗಡಿಗೆ ಈ ಮಾತನ್ನು ಎಸ್‌ಡಿಎಂಸಿ ಬರಹದಲ್ಲೇ ಕೊಡಬಹುದು. ಮಕ್ಕಳ ಕೈಯಲ್ಲಿ ಕಳವು ಮಾಡಿಸುವ, ಮಾಲು ಸಾಗಿಸುವ ದೊಡ್ಡವರಿಗೆ 83ನೇ ಕಲಮಿನಲ್ಲಿ ಅಷ್ಟೇ ಶಿಕ್ಷೆ, ಮೇಲೆ ಐದು ಲಕ್ಷ ದಂಡ. "ಸಣ್ಣಾಂವ, ನಿನಗೇನೂ ಆಗಂಗಿಲ್ಲ" ಎಂದು ಹುಡುಗನನ್ನು ಮುಂದೆ ಬಿಡುವ ಅಣ್ಣಂದಿರು ಈ ಲೆಕ್ಕ ತಿಳಿದೇ ಆಡುತ್ತಾರೆ.

ಬೈಕಿನ ಕೀಲಿ ಕೊಡುವವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಂಗಿಕ ಸಂಬಂಧಕ್ಕೆ 18 ತುಂಬದ ಹುಡುಗಿ ಕೊಟ್ಟ ಒಪ್ಪಿಗೆಗೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯಿಲ್ಲ ಎಂಬುದನ್ನೂ 16ರ ಮಗನಿಗೆ ಅಪ್ಪನೇ ಸ್ಪಷ್ಟ ಮಾತಿನಲ್ಲಿ ಹೇಳಬೇಕು. ಅದನ್ನು ಕೇಸು ಬಿದ್ದ ಮೇಲೆ ಮೊದಲ ಬಾರಿ ಕೇಳುವ ಹುಡುಗರು ಇದ್ದಾರೆ.

ಠಾಣೆಯಿಂದ ಫೋನ್ ಬಂದರೆ

ಮೊದಲ ಕೆಲಸ ವಯಸ್ಸಿನ ದಾಖಲೆ ಹುಡುಕುವುದು. ಕಾಯ್ದೆ ಮೊದಲು ಒಪ್ಪುವುದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಕಣ್ಣಂದಾಜಿನಲ್ಲಿ ಜೂನ್ 1 ಎಂದು ಬರೆಸುವ ರೂಢಿ ಇತ್ತು. ಹೆಚ್ಚು ವಯಸ್ಸು ಬರೆಸಿದ್ದರೆ ಆ ಒಂದು ಸಾಲು ಹುಡುಗನನ್ನು ದೊಡ್ಡವರ ಜೈಲಿಗೆ ಕಳಿಸಬಲ್ಲದು. ಹಳೆಯ ಜನನ ಪತ್ರ ಇದ್ದರೆ ಅದನ್ನೂ ಒಯ್ಯಿರಿ.

ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ. ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ, 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ತಪ್ಪಾಗಿದ್ದು ದೊಡ್ಡವರು ಸೇರಿರದಿದ್ದರೆ ಎಫ್‌ಐಆರ್ ಇಲ್ಲದೆ ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳುವುದು ನಿಯಮ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಇಲ್ಲಿ ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಆದರೂ "ನಾಕ ದಿನ ರಿಮ್ಯಾಂಡ್ ಹೋಮಿನ್ಯಾಗ ಇರ್ಲಿ, ಬುದ್ಧಿ ಬರ್ತೈತಿ" ಎಂದು ಮಂಡಳಿಗೆ ಬಾರದೆ ಉಳಿಯುವ ಅಪ್ಪಂದಿರಿದ್ದಾರೆ. ಈ ಲೆಕ್ಕ ಪೂರ್ತಿ ತಪ್ಪು. ತಪ್ಪು ಮಾಡಿದ ಹುಡುಗರನ್ನು ಒಂದೇ ಕಡೆ ಕೂಡಿಸಿದರೆ ಅವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಒಳ್ಳೆಯ ಉದ್ದೇಶದಿಂದ ನಡೆಸಿದ ಗುಂಪು ತರಬೇತಿಗಳಲ್ಲೂ ಹಾಗಾದದ್ದನ್ನು ಡಿಷನ್, ಮೆಕಾರ್ಡ್ ಮತ್ತು ಪೌಲಿನ್ 1999ರಲ್ಲಿ ತೋರಿಸಿಕೊಟ್ಟಿದ್ದಾರೆ. ಮೇಲಾಗಿ, ಅಪ್ಪ ಬರಲಿಲ್ಲ ಎಂಬುದು ಹುಡುಗನ ಮನಸ್ಸಿನಲ್ಲಿ ಅಪರಾಧಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಎರಡು ವಾರದೊಳಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೆಯಬೇಕು. ಮನೆಯ ಆದಾಯ, ಕುಡಿತ, ಜಗಳ, ಶಾಲೆ, ಗೆಳೆಯರು, ಹುಡುಗನ ಮೇಲೆ ಯಾರಾದರೂ ದೌರ್ಜನ್ಯ ಮಾಡಿದ್ದರೇ, ಎಲ್ಲವನ್ನೂ ಕೇಳುತ್ತಾರೆ. ಮಾನಕ್ಕೆ ಅಂಜಿ ಎಲ್ಲ ಸರಿಯಿದೆ ಎಂದುಬಿಟ್ಟರೆ, ಇಷ್ಟು ಸರಿಯಿರುವ ಮನೆಯಿಂದ ಬಂದ ಹುಡುಗ ತಾನೇ ಕೆಟ್ಟವನು ಎಂದು ಓದಿದಂತಾಗುತ್ತದೆ. ಇದ್ದದ್ದನ್ನು ಹೇಳಿದರೆ ಮಂಡಳಿಯ ಆದೇಶ ಆ ಮನೆಗೆ ಹೊಂದುತ್ತದೆ. ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಹೆತ್ತವರ ಸುಪರ್ದಿಯಲ್ಲಿ ಮೂರು ವರ್ಷದವರೆಗೆ ಪರಿವೀಕ್ಷಣೆ, ಹೀಗೆ ಹಲವು ದಾರಿಗಳಿವೆ. 16 ದಾಟಿ ಘೋರ ಅಪರಾಧ ಮಾಡಿ ದೊಡ್ಡವರಂತೆ ವಿಚಾರಣೆಗೆ ಒಳಗಾದವರನ್ನು ಬಿಟ್ಟರೆ ಉಳಿದವರ ದಾಖಲೆ ಮುಂದಿನ ನೌಕರಿಗೆ ಅಡ್ಡಬರುವುದಿಲ್ಲ, ಕಾನೂನೇ ಅದನ್ನು ಅಳಿಸುತ್ತದೆ. ಹುಡುಗನ ಹೆಸರು, ಮುಖ, ಶಾಲೆ ಗೊತ್ತಾಗುವಂತೆ ಊರ ವಾಟ್ಸಾಪ್ ಗ್ರೂಪಿಗೆ ಹಾಕಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ ಇದೆ, ಎರಡೂ ಆಗಬಹುದು.

ಸಭೆಯ ಕೊನೆಗೆ ಒಬ್ಬ ತಾಯಿ ಕೇಳಿದ ಪ್ರಶ್ನೆ: "ಮನೀಗೆ ಕರಕೊಂಡು ಬಂದ ದಿನ ಏನ ಮಾಡ್ಬೇಕ್ರಿ?" ಉತ್ತರ ಇದು. ಅಂದು ಬೀಗರು, ಅಕ್ಕಪಕ್ಕದವರು ಯಾರನ್ನೂ ಕೂಡಿಸಬೇಡಿ. ನೀರು ಕಾಯಿಸಿಕೊಡಿ, ದಿನ ಉಣ್ಣುವುದನ್ನೇ ಉಣ್ಣಲು ಹಾಕಿ. ಮೊದಲ ರಾತ್ರಿ ಆ ವಿಷಯ ಎತ್ತಬೇಡಿ, ಅವನಾಗಿ ಎತ್ತಿದರೆ ನಡುವೆ ಬಾಯಿ ಹಾಕಬೇಡಿ. ಎರಡನೇ ದಿನ ಮುಖ್ಯೋಪಾಧ್ಯಾಯರನ್ನು ನೀವೊಬ್ಬರೇ ಕಂಡು, ಹುಡುಗ ಯಾವ ದಿನದಿಂದ ಶಾಲೆಗೆ ಬರುತ್ತಾನೆಂದು ಹೇಳಿ ಬನ್ನಿ. ಟಿಸಿ ಒಯ್ಯಿರಿ ಎಂದರೆ ಒಪ್ಪಿಕೊಳ್ಳಬೇಡಿ, ಪರಿವೀಕ್ಷಣಾಧಿಕಾರಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಅಂದೇ ತಿಳಿಸಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಮಂಡಳಿಯ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರನೇ ದಿನ ಐದು ಗಂಟೆಗೆ, ಕೆಲಸದ ಮನೆಯಿಂದಲೇ, ಫೋನ್ ಮಾಡಿ.